ಮುಂಗಾಲಿನ ಕೀಹೋಲ್ ಆಪರೇಷನ್ ನಂತರ: ನೋವನ್ನು ಇಳಿಸುವುದು, ನಡಿಗೆಯನ್ನು ಏರಿಸುವುದು

ಹೆಬ್ಬೆರಳಿನ ಬುಡದಲ್ಲಿ ಗಂಟು ಬೆಳೆದು ಬೆರಳು ಪಕ್ಕಕ್ಕೆ ವಾಲಿದವರಿಗೆ, ಎರಡನೇ ಬೆರಳು ಮಡಚಿಕೊಂಡು ಚಪ್ಪಲಿಗೆ ಉಜ್ಜುವವರಿಗೆ, ಅಂಗಾಲಿನ ಮುಂಭಾಗದಲ್ಲಿ ಆಣಿ ಕಟ್ಟಿ ಕಾಲೂರಲು ಆಗದವರಿಗೆ ಈಗ ದೊಡ್ಡ ಗಾಯವಿಲ್ಲದೆಯೇ ಆಪರೇಷನ್ ಮಾಡುತ್ತಾರೆ. ಮೂರರಿಂದ ಐದು ಮಿಲಿಮೀಟರಿನ ರಂಧ್ರದೊಳಗೆ ಹಲ್ಲಿನ ಡಾಕ್ಟರರ ಡ್ರಿಲ್‌ನಂಥ ಸಣ್ಣ ಉಪಕರಣ ತೂರಿಸಿ, ಎಕ್ಸ್‌ರೇ ಪರದೆಯಲ್ಲಿ ನೋಡುತ್ತಾ ಮೂಳೆಯನ್ನು ಕತ್ತರಿಸಿ, ಸರಿಸಿ, ಬೇಕಾದ ಕಡೆ ಸ್ಕ್ರೂ ಕೂರಿಸುತ್ತಾರೆ. ಬಹಳಷ್ಟು ರೋಗಿಗಳು ಅದೇ ದಿನ ಅಥವಾ ಮರುದಿನ ಮನೆಗೆ ಬರುತ್ತಾರೆ.

ದಾವಣಗೆರೆಯಲ್ಲಿ ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡಿಸುವ ನಾನು ಕಾಣುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲಿ. ಗಾಯ ಕಣ್ಣಿಗೆ ಕಾಣದಿರುವುದರಿಂದ ಮನೆಯವರಿಗೆ ಅದು ಆಪರೇಷನ್ ಎಂದೇ ಅನ್ನಿಸುವುದಿಲ್ಲ. ಚರ್ಮದ ರಂಧ್ರ ಎರಡು ವಾರದೊಳಗೆ ಮುಚ್ಚಿಕೊಳ್ಳುತ್ತದೆ. ಒಳಗೆ ಕತ್ತರಿಸಿದ ಮೂಳೆ ಕೂಡಿಕೊಳ್ಳಲು ಆರರಿಂದ ಹನ್ನೆರಡು ವಾರ ಬೇಕು. ದೊಡ್ಡ ಗಾಯದ ಆಪರೇಷನ್ ಆದರೂ ಸಣ್ಣ ರಂಧ್ರದ್ದಾದರೂ ಮೂಳೆ ತೆಗೆದುಕೊಳ್ಳುವ ಕಾಲ ಅಷ್ಟೇ. ಆದ್ದರಿಂದ ಗಾಯ ನೋಡಿ ನಡೆಯಬೇಡಿ, ಮೂಳೆಯ ಲೆಕ್ಕ ಹಿಡಿದು ನಡೆಯಿರಿ. ಕೆಳಗೆ ಹೇಳಿರುವುದು ಸಾಮಾನ್ಯ ಕ್ರಮ. ನಿಮ್ಮ ಸರ್ಜನ್ ಡಿಸ್ಚಾರ್ಜ್ ಚೀಟಿಯಲ್ಲಿ ಬೇರೆ ಬರೆದಿದ್ದರೆ ಅದೇ ಕೊನೆಯ ಮಾತು.

ಆಸ್ಪತ್ರೆಗೆ ಹೋಗುವ ಮುಂಚೆ

ಮೊದಲು ಶೌಚಾಲಯ ನೋಡಿ. ಮನೆಯಲ್ಲಿ ಕೂರುವ ಕಮೋಡ್ ಇಲ್ಲದಿದ್ದರೆ ಸರ್ಜಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಕಮೋಡ್ ಸ್ಟೂಲನ್ನು ತಂದು ಕುಕ್ಕರಗಾಲಿನ ಶೌಚಾಲಯದ ಮೇಲೆ ಇಟ್ಟು, ಅಲುಗಾಡದೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ. ಕುಕ್ಕರಗಾಲಿನಲ್ಲಿ ಕೂತು ಏಳುವಾಗ ಮೈಯ ಭಾರವೆಲ್ಲ ಮುಂಗಾಲಿನ ಮೇಲೆ ಬಿದ್ದು ಬೆರಳಿನ ಕೀಲು ಪೂರ್ತಿ ಬಾಗುತ್ತದೆ. ಆಪರೇಷನ್ ಆದ ಜಾಗ ನಿಖರವಾಗಿ ಅದೇ.

ವಾಕರ್ ಅಥವಾ ಊರುಗೋಲನ್ನು ಮುಂಚೆಯೇ ತಂದು, ನೋವಿಲ್ಲದ ಕಾಲದಲ್ಲೇ ಮನೆಯೊಳಗೆ ನಡೆದು ಅಭ್ಯಾಸ ಮಾಡಿ. ಹಾಸಿಗೆ ಕೆಳಗಿನ ಮಹಡಿಯಲ್ಲಿರಲಿ. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯ ಚಾಪೆ, ಕಾಲೊರಸು, ಫ್ಯಾನಿನ ವೈರು ಎಲ್ಲ ಎತ್ತಿಡಿ.

ಕಾಲುಂಗುರದ ವಿಷಯ ಹೇಳಲೇಬೇಕು. ವರ್ಷಗಟ್ಟಲೆ ತೆಗೆಯದ ಬೆಳ್ಳಿ ಉಂಗುರದ ಕೆಳಗೆ ಚರ್ಮ ತಗ್ಗಿ ಬಿಳಿಚಿಕೊಂಡಿರುತ್ತದೆ. ಬೆರಳಿನ ಗಂಟು ದಪ್ಪವಾಗಿ ಉಂಗುರ ಅದನ್ನು ದಾಟುವುದೇ ಇಲ್ಲ. ಸೋಪಿನ ನೀರಿಗೂ ಜಗ್ಗದಿದ್ದರೆ ಎರಡು ದಿನ ಮುಂಚೆಯೇ ಅಕ್ಕಸಾಲಿಗರಿಂದ ಕತ್ತರಿಸಿ ತೆಗೆಸಿ. ಒಂದು ಮನೆಯಲ್ಲಿ ಅತ್ತೆಯವರು ಸುತರಾಂ ಒಪ್ಪಲಿಲ್ಲ. “ಮುತ್ತೈದೆ ಕಾಲುಂಗುರ ತೆಗೆಯುವುದುಂಟೇನಪ್ಪಾ?” ಎಂದರು. “ಬೆರಳು ಊದಿಕೊಂಡು ಉಂಗುರ ಕಚ್ಚಿ ಕೂತರೆ ಬೆರಳಿಗೆ ರಕ್ತವೇ ಹೋಗುವುದಿಲ್ಲ ಅಜ್ಜಿ. ದೇವರ ಮುಂದೆ ಇಟ್ಟಿರಿ, ಊತ ಇಳಿದ ಮೇಲೆ ನೀವೇ ತೊಡಿಸುವಿರಂತೆ” ಎಂದೆ. ಸೊಸೆ ಬಾಯಿ ಬಿಡಲಿಲ್ಲ, ಆದರೆ ಆಗಲೇ ಸೋಪು ತರಲು ಎದ್ದಿದ್ದರು.

ಬೀಡಿ, ಸಿಗರೇಟು, ಗುಟ್ಕಾ ಯಾವುದಿದ್ದರೂ ನಿಲ್ಲಿಸಿ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮೂಳೆ ಕೂಡುವುದು ತಡವಾಗುತ್ತದೆ. ಸಕ್ಕರೆ ಕಾಯಿಲೆಯವರು ಸಕ್ಕರೆಯನ್ನು ಹತೋಟಿಗೆ ತಂದುಕೊಂಡೇ ಟೇಬಲ್ ಹತ್ತಬೇಕು.

ಮೊದಲ ರಾತ್ರಿ: ನೋವಿಲ್ಲ ಎಂದು ಮೋಸಹೋಗಬೇಡಿ

ಸಾಮಾನ್ಯವಾಗಿ ಪಾದದ ನರಗಳ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿರುತ್ತಾರೆ. ಅದರ ಪ್ರಭಾವ ಸುಮಾರು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಇರುತ್ತದೆ. ಸಂಜೆ ನೋಡಲು ಬಂದ ನೆಂಟರ ಮುಂದೆ ರೋಗಿ ನಗುನಗುತ್ತಾ ಕಾಫಿ ಕುಡಿಯುತ್ತಾರೆ, “ಏನೂ ನೋವೇ ಇಲ್ಲ” ಎನ್ನುತ್ತಾರೆ, ಮಾತ್ರೆ ಬೇಡವೆಂದು ಮಲಗುತ್ತಾರೆ. ಇಂಜೆಕ್ಷನ್ ಇಳಿಯುವುದು ನಡುರಾತ್ರಿ ಎರಡು ಗಂಟೆಗೆ. ಆಗ ನೋವು ಒಮ್ಮೆಲೇ ನುಗ್ಗುತ್ತದೆ, ನುಂಗಿದ ಮಾತ್ರೆ ಕೆಲಸಕ್ಕೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ.

ಆದ್ದರಿಂದ ಬೆರಳಿನಲ್ಲಿ ಜುಮುಜುಮು ಶುರುವಾಗುವ ಮೊದಲೇ, ಬರೆದುಕೊಟ್ಟ ಹೊತ್ತಿಗೆ ಮೊದಲ ಮಾತ್ರೆ ಹೊಟ್ಟೆಯಲ್ಲಿರಬೇಕು. ಆಮೇಲಿನ ಎರಡು ಮೂರು ದಿನ ನೋವು ಬರಲಿ ಎಂದು ಕಾಯದೆ ಗಡಿಯಾರ ನೋಡಿ ತೆಗೆದುಕೊಳ್ಳಿ, ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಳ್ಳಿ. ನೋವನ್ನು ಸಹಿಸಿದವರಿಗೆ ಯಾರೂ ಪದಕ ಕೊಡುವುದಿಲ್ಲ. ನಿದ್ದೆಗೆಟ್ಟು ಮರುದಿನ ವಾಕರ್ ಹಿಡಿದು ತೂಕಡಿಸುವುದಷ್ಟೇ ಲಾಭ. ಪಾದ ಮರಗಟ್ಟಿರುವಾಗ ಒಬ್ಬರೇ ಎದ್ದು ನಡೆಯಬೇಡಿ, ಐಸ್ ಕೂಡ ಇಡಬೇಡಿ. ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ಮಾತ್ರೆಯ ಪಟ್ಟಿಯ ಹಿಂಬದಿ ಓದಿ

ಮೂಲ ಮಾತ್ರೆ ಪ್ಯಾರಾಸಿಟಮಾಲ್. ಆರೋಗ್ಯವಂತ ವಯಸ್ಕರಿಗೂ 24 ಗಂಟೆಯಲ್ಲಿ ಎಲ್ಲ ಸೇರಿ 4 ಗ್ರಾಂ ಮೀರಬಾರದು. ತೂಕ ತೀರಾ ಕಡಿಮೆ ಇರುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ, ದಿನಾ ಕುಡಿಯುವವರಿಗೆ ಮಿತಿ ಇನ್ನೂ ಕಡಿಮೆ, ಅದನ್ನು ಡಾಕ್ಟರೇ ಹೇಳಬೇಕು. ನಮ್ಮಲ್ಲಿ ಅಪಾಯ ಇರುವುದು ಜೋಡಿ ಮಾತ್ರೆಗಳಲ್ಲಿ. ಅಸೆಕ್ಲೊಫೆನಾಕ್ ಎಂದು ಕೊಡುವ ಬಹಳಷ್ಟು ಮಾತ್ರೆಗಳಲ್ಲಿ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಟ್ರಾಮಡಾಲ್ ಮಾತ್ರೆಯಲ್ಲೂ ಹಲವು ಬಾರಿ ಹಾಗೆಯೇ. ಇವೆರಡರ ಜತೆ ಜ್ವರಕ್ಕೆಂದು ಮನೆಯಲ್ಲಿದ್ದ 650ರ ಮಾತ್ರೆಯನ್ನೂ ನುಂಗಿದರೆ ಒಂದೇ ಔಷಧ ಮೂರು ದಾರಿಯಲ್ಲಿ ಒಳಗೆ ಹೋದಂತೆ. ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಮಗನೋ ಮಗಳೋ ಓದಿ ಒಂದು ಹಾಳೆಯಲ್ಲಿ ಲೆಕ್ಕ ಬರೆಯಲಿ.

ಅಸೆಕ್ಲೊಫೆನಾಕ್, ಡೈಕ್ಲೊಫೆನಾಕ್, ಐಬುಪ್ರೊಫೇನ್ ಜಾತಿಯವು ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ಹೃದಯದ ಕಾಯಿಲೆ ಇರುವವರಿಗೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೂ ಒಗ್ಗುವುದಿಲ್ಲ. ಮೆಡಿಕಲ್ ಶಾಪಿನ ಹುಡುಗನನ್ನು ಕೇಳಿ ತರುವ ಮಾತ್ರೆ ಇದಲ್ಲ. ಟ್ರಾಮಡಾಲ್‌ನಿಂದ ತಲೆ ಸುತ್ತು, ವಾಕರಿಕೆ, ಮಲಬದ್ಧತೆ ಬರಬಹುದು. ಕೆಲವು ದಿನಗಳಲ್ಲಿ ಬಿಟ್ಟುಬಿಡುವುದು ಒಳ್ಳೆಯದು.

ಎರಡು ವಾರ: ಪಾದ ಎದೆಗಿಂತ ಮೇಲೆ

ಈ ಹಂತದಲ್ಲಿ ನೋವು ಎಂದರೆ ಬಹುಪಾಲು ಊತ. ಕಾಲನ್ನು ಇಳಿಬಿಟ್ಟು ಕೂತರೆ ಒಂದೆರಡು ನಿಮಿಷದಲ್ಲೇ ಡ್ರೆಸಿಂಗ್‌ನಿಂದ ಹೊರಗೆ ಕಾಣುವ ಬೆರಳ ತುದಿಗಳು ಕೆಂಪಾಗಿ, ಆಮೇಲೆ ನೇರಳೆಗೆ ತಿರುಗುತ್ತವೆ. ಒಳಗೆ ಬಟ್ಟೆ ಬಿಗಿದಂತಾಗಿ ತಕತಕ ಮಿಡಿಯುತ್ತದೆ. ಮಲಗಿ ಕಾಲೆತ್ತಿದರೆ ಬಣ್ಣ ಮರಳುತ್ತದೆ, ಮಿಡಿತವೂ ತಗ್ಗುತ್ತದೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದ ರೋಗಿಗೆ ಮತ್ತೆ ಹೇಳಬೇಕಾಗುವುದಿಲ್ಲ.

ಕುರ್ಚಿಯಲ್ಲಿ ಕೂತು ಎದುರು ಸ್ಟೂಲಿನ ಮೇಲೆ ಕಾಲು ಚಾಚಿದರೆ ಅದು ಎತ್ತಿದಂತೆ ಅಲ್ಲ, ಸೊಂಟದ ಮಟ್ಟಕ್ಕೆ ಬಂದಿರುತ್ತದೆ ಅಷ್ಟೇ. ಮಲಗಿ, ಮೀನಖಂಡದ ಕೆಳಗೆ ಎರಡು ಮೂರು ದಿಂಬಿಟ್ಟು, ಹಿಮ್ಮಡಿ ಗಾಳಿಯಲ್ಲಿರುವಂತೆ ನೋಡಿಕೊಳ್ಳಿ. ಎಚ್ಚರವಿರುವ ಪ್ರತಿ ಗಂಟೆಯಲ್ಲಿ ಐವತ್ತು ನಿಮಿಷ ಕಾಲು ಮೇಲೆ, ಹೆಚ್ಚೆಂದರೆ ಹತ್ತು ನಿಮಿಷ ಕೆಳಗೆ. ಹೀಗೆ ಮಲಗಿರುವಾಗ ಪಾದವನ್ನು ಹರಡಿನಿಂದ ಮೇಲಕ್ಕೂ ಕೆಳಕ್ಕೂ ಇಪ್ಪತ್ತು ಸಲ ಆಡಿಸಿ, ಗಂಟೆಗೊಮ್ಮೆ. ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಬೇಕು.

ಡ್ರೆಸಿಂಗ್ ದಪ್ಪವಾಗಿದ್ದರೆ ಅದರ ಮೇಲಿಟ್ಟ ಐಸಿನ ತಂಪು ಒಳಗೆ ಇಳಿಯುವುದಿಲ್ಲ. ಅಂಥವರಿಗೆ ಮೊಣಕಾಲಿನ ಹಿಂಬದಿಯಲ್ಲಿ ಬಟ್ಟೆ ಸುತ್ತಿದ ಐಸ್ ಪ್ಯಾಕನ್ನು ಹದಿನೈದು ನಿಮಿಷ ಇಡಲು ಹೇಳುವುದುಂಟು. ಬಿಸಿನೀರಿನ ಶಾಖ ಮಾತ್ರ ಬೇಡವೇ ಬೇಡ, ಊತ ಏರುತ್ತದೆ. ಎಣ್ಣೆ ಹಚ್ಚಿ ನೀವುವುದು, ಮೂಳೆ ಕೂಡಲೆಂದು ನಾಟಿ ಪಟ್ಟು ಕಟ್ಟಿಸುವುದು ಎರಡೂ ಅಪಾಯ. ಈ ಆಪರೇಷನ್‌ನಲ್ಲಿ ಪಟ್ಟಿ ಸುತ್ತಿದ ರೀತಿಯೇ ಚಿಕಿತ್ಸೆಯ ಭಾಗ: ಬೆರಳನ್ನು ಹೊಸ ದಿಕ್ಕಿನಲ್ಲಿ ಹಿಡಿದಿಡುವುದು ಅದೇ. ಸಡಿಲವಾಯಿತೆಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಬಿಚ್ಚಿಸಿ ಬೇರೆ ಬ್ಯಾಂಡೇಜ್ ಸುತ್ತಿಸಬೇಡಿ, ಆಪರೇಷನ್ ಮಾಡಿದವರ ಬಳಿಗೇ ಹೋಗಿ. ಮೊದಲ ದಿನ ಪಟ್ಟಿಯ ಮೇಲೆ ರಕ್ತದ ಕಲೆ ಕಂಡರೆ ಗಾಬರಿ ಬೇಡ. ಕಲೆ ಹರಡುತ್ತಲೇ ಹೋದರೆ ಫೋನ್ ಮಾಡಿ.

ಸ್ನಾನಕ್ಕೆ ಕಾಲನ್ನು ಹೊರಗೆ ಚಾಚಿ, ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು, ಕುರ್ಚಿಯ ಮೇಲೆ ಕೂತೇ ನೀರು ಹಾಕಿಕೊಳ್ಳಿ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಪಟ್ಟಿಯೊಳಗೆ ಬೆವರಿ ತುರಿಸುತ್ತದೆ. ಕಡ್ಡಿ ತೂರಿಸಿ ಕೆರೆಯಬೇಡಿ, ಫ್ಯಾನ್ ಕಾಲಿನತ್ತ ತಿರುಗಿಸಿ.

ಕಾಲೂರುವ ಬಗೆ

ಬಹಳಷ್ಟು ಸರ್ಜನ್‌ಗಳು ಮೊದಲ ದಿನದಿಂದಲೇ ಕಾಲೂರಲು ಬಿಡುತ್ತಾರೆ, ಆದರೆ ಅವರು ಕೊಟ್ಟ ಗಟ್ಟಿ ಅಟ್ಟೆಯ ಶೂ ಹಾಕಿಕೊಂಡು ಮಾತ್ರ. ಮಡಚದ ಅಟ್ಟೆ ಬೆರಳಿನ ಕೀಲನ್ನು ಬಾಗಲು ಬಿಡುವುದಿಲ್ಲ. ರಾತ್ರಿ ಮೂತ್ರಕ್ಕೆ ಏಳುವಾಗಲೂ ಅದು ಕಾಲಿನಲ್ಲಿರಬೇಕು. ನಿದ್ದೆಗಣ್ಣಿನಲ್ಲಿ ಬರಿಗಾಲಿನಲ್ಲಿ ಇಡುವ ನಾಲ್ಕು ಹೆಜ್ಜೆಯೇ ಸ್ಕ್ರೂವನ್ನು ಅಲುಗಿಸಲು ಸಾಕು. ಆ ಶೂ ಎತ್ತರವಾಗಿರುತ್ತದೆ. ಇನ್ನೊಂದು ಕಾಲಿಗೆ ಅಷ್ಟೇ ದಪ್ಪದ ಚಪ್ಪಲಿ ಹಾಕದಿದ್ದರೆ ವಾರದೊಳಗೆ ಸೊಂಟ ಹಿಡಿಯುತ್ತದೆ, ಆಮೇಲೆ ಕಾಲಿಗಿಂತ ಸೊಂಟದ ದೂರೇ ಹೆಚ್ಚಾಗುತ್ತದೆ.

ಹೆಜ್ಜೆ ಹೀಗೆ: ವಾಕರನ್ನು ಮುಂದಿಡಿ, ಆಪರೇಷನ್ ಆದ ಕಾಲಿನ ಹಿಮ್ಮಡಿಯನ್ನು ಮೊದಲು ಊರಿ, ಪಾದವನ್ನು ಸಪಾಟಾಗಿ ಇಳಿಸಿ, ಕೈಗಳ ಮೇಲೆ ಸ್ವಲ್ಪ ಭಾರ ಹಾಕಿ, ಇನ್ನೊಂದು ಕಾಲನ್ನು ಅದರ ಪಕ್ಕಕ್ಕೆ ತನ್ನಿ. ದಾಟಿಸಬೇಡಿ, ಪಕ್ಕಕ್ಕೆ ಮಾತ್ರ. ಬೆರಳಿನಿಂದ ನೆಲವನ್ನು ಹಿಂದಕ್ಕೆ ಒತ್ತಿ ಮುನ್ನುಗ್ಗುವ ನಮ್ಮ ರೂಢಿಯ ನಡಿಗೆ ಸದ್ಯಕ್ಕೆ ರಜೆಯಲ್ಲಿರಲಿ. ಪಾದವನ್ನು ಇಡಿಯಾಗಿ ಎತ್ತಿ ಇಡಿಯಾಗಿ ಇಡಿ. ನೋವಿಗೆ ಹೆದರಿ ಪಾದದ ಹೊರ ಅಂಚಿನ ಮೇಲೆ ವಾಲಿ ನಡೆಯುವವರು ಬಹಳ ಮಂದಿ. ಅದು ಕಿರುಬೆರಳಿನ ಕಡೆಯ ಮೂಳೆಗೆ ನೋವು ತರುತ್ತದೆ, ಮೊಣಕಾಲನ್ನು ತಿರುಚುತ್ತದೆ, ಬಿಡಿಸಲು ತಿಂಗಳು ಹಿಡಿಯುವ ಚಟವಾಗುತ್ತದೆ. ಸಪಾಟಾಗಿ ಊರಲು ಆಗದಷ್ಟು ನೋವಿದ್ದರೆ ಆ ದಿನ ನಡಿಗೆ ಕಡಿಮೆ ಮಾಡಿ, ಓರೆ ನಡಿಗೆ ಬೇಡ.

ವಾಕರ್ ಬಿಟ್ಟು ಒಂದೇ ಕೋಲಿಗೆ ಬಂದಾಗ ಕೋಲು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಹಳೆಯ ಮನೆಯ ಎತ್ತರದ ಹೊಸಿಲಿಗೂ ಇದೇ ನಿಯಮ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ದಾಟಿ.

ಎಷ್ಟು ನಡೆಯಬೇಕು? ಮೊದಲ ಎರಡು ವಾರ ಬಚ್ಚಲು, ಊಟ, ಹಾಸಿಗೆ. ಮೂರನೇ ವಾರದಿಂದ ಮನೆಯೊಳಗೆ ಓಡಾಟ. ನಾಲ್ಕರಿಂದ ಆರನೇ ವಾರದಲ್ಲಿ ಅದೇ ಶೂ ಹಾಕಿಕೊಂಡು ಮನೆಯ ಮುಂದಿನ ರಸ್ತೆಯವರೆಗೆ. ಇವತ್ತಿನ ನಡಿಗೆ ಹೆಚ್ಚಾಯಿತೇ ಎಂಬ ತೀರ್ಪು ಕೊಡುವುದು ನಾಳೆಯ ಬೆಳಗು. ಸಂಜೆ ಊದಿಕೊಳ್ಳುವುದು ಸಹಜ. ರಾತ್ರಿಯೆಲ್ಲ ಕಾಲೆತ್ತಿ ಮಲಗಿದರೂ ಬೆಳಗ್ಗೆ ಊತವೂ ನೋವೂ ಹಿಂದಿನ ಬೆಳಗಿಗಿಂತ ಹೆಚ್ಚಿದ್ದರೆ ಆ ದಿನದ ನಡಿಗೆಯನ್ನು ಅರ್ಧಕ್ಕೆ ಇಳಿಸಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರಿಗೆ ಈ ಅಳತೆಗೋಲು ಕೆಲಸ ಮಾಡುವುದಿಲ್ಲ. ಅವರು ನೋವನ್ನು ನಂಬದೆ ಗಡಿಯಾರ ನಂಬಬೇಕು, ಕಾಣುವಷ್ಟು ಚರ್ಮವನ್ನು ದಿನಾ ಮನೆಯವರಿಂದ ನೋಡಿಸಬೇಕು.

ನಡೆಯುವುದಕ್ಕಿಂತ ಕೆಟ್ಟದ್ದು ನಿಂತಲ್ಲೇ ನಿಲ್ಲುವುದು. ಒಲೆ ಮುಂದೆ ಅರ್ಧ ಗಂಟೆ ನಿಂತು ರೊಟ್ಟಿ ಬಡಿದವರ ಕಾಲು, ಅಷ್ಟೇ ಹೊತ್ತು ಆಗೀಗ ಓಡಾಡಿದವರ ಕಾಲಿಗಿಂತ ಹೆಚ್ಚು ಊದಿರುತ್ತದೆ. “ನಡೆಯಲಿಲ್ಲವಲ್ಲ, ಬರೀ ನಿಂತಿದ್ದೆ” ಎಂಬುದು ನಾನು ಬಹಳ ಕೇಳುವ ಸಮಜಾಯಿಷಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದೂ ಸದ್ಯ ಬೇಡ, ಕೂರುವುದಕ್ಕಿಂತ ಏಳುವಾಗಲೇ ಬೆರಳು ಮಡಚುತ್ತದೆ. ಪೂಜೆ ಕುರ್ಚಿಯಲ್ಲಿ ಕೂತು ಮಾಡಿದರೂ ಸಲ್ಲುತ್ತದೆ.

ಎದುರುಮನೆಯವರ ಕಾಲಿನ ಜತೆ ಹೋಲಿಕೆ ಬೇಡ

ಒಂದೇ ಹೆಸರಿನ ಆಪರೇಷನ್ ಒಳಗೆ ಬೇರೆ ಬೇರೆ ಇರುತ್ತದೆ. ಹೆಬ್ಬೆರಳಿನ ಗಂಟಿಗೆ ಮೂಳೆ ಸರಿಸಿ ಸಾಮಾನ್ಯವಾಗಿ ಸ್ಕ್ರೂ ಹಾಕುತ್ತಾರೆ. ಅಂಗಾಲಿನ ನೋವಿಗೆ ನಡುಬೆರಳುಗಳ ಹಿಂದಿನ ಉದ್ದ ಮೂಳೆಗಳನ್ನು ಕತ್ತರಿಸಿದಾಗ ಹಲವು ಬಾರಿ ಸ್ಕ್ರೂ ಹಾಕದೆಯೇ ಬಿಡುತ್ತಾರೆ. ಗಟ್ಟಿ ಶೂ ಹಾಕಿ ಕಾಲೂರಿ ನಡೆದಂತೆಲ್ಲ ಮೂಳೆಯ ತಲೆಗಳು ತಮಗೆ ಬೇಕಾದ ಎತ್ತರಕ್ಕೆ ಕೂರುತ್ತವೆ ಎಂಬುದೇ ಅದರ ತರ್ಕ. ಅಲ್ಲಿ ಮಿತವಾದ ನಡಿಗೆಯೇ ಚಿಕಿತ್ಸೆ. ಆದರೆ ಅಂಥ ಪಾದದ ಊತ ಮೂರು ನಾಲ್ಕು ತಿಂಗಳು ಹಟ ಹಿಡಿಯುತ್ತದೆ, ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಾಣುವುದೂ ತಡ. ಹೆಬ್ಬೆರಳಿನ ಆಪರೇಷನ್ ಆದ ಪಕ್ಕದ ಮನೆಯವರು ಎಂಟನೇ ವಾರಕ್ಕೆ ಶೂ ಹಾಕಿ ಮದುವೆಗೆ ಹೋದರೆಂದು ಇವರು ಕೊರಗಬೇಕಾಗಿಲ್ಲ. ನಿಮ್ಮ ಕಾಲಿನಲ್ಲಿ ಎಷ್ಟು ಮೂಳೆ ಕತ್ತರಿಸಿದ್ದಾರೆ, ಎಲ್ಲೆಲ್ಲಿ ಸ್ಕ್ರೂ ಇದೆ ಎಂದು ಸರ್ಜನ್‌ರನ್ನು ಕೇಳಿ ಬರೆದಿಟ್ಟುಕೊಳ್ಳಿ.

ತಡಮಾಡದೆ ಹೋಗಬೇಕಾದ ಸಂದರ್ಭ

ಮೂರನೇ ದಿನದ ನಂತರ ಇಳಿಯಬೇಕಾದ ನೋವು ಏರುತ್ತಿದ್ದರೆ, ಜ್ವರ ಬಂದರೆ, ಪಟ್ಟಿಯಿಂದ ಕೀವು ಅಥವಾ ದುರ್ವಾಸನೆ ಬಂದರೆ, ಚರ್ಮದ ಕೆಂಪು ಬಣ್ಣ ಪಾದದಿಂದ ಮೇಲಕ್ಕೆ ಹರಡಿದರೆ ಅದೇ ದಿನ ಸರ್ಜನ್‌ಗೆ ತೋರಿಸಿ. ಕಾಲೆತ್ತಿದರೂ ಬೆರಳ ತುದಿ ತಣ್ಣಗೆ, ಬಿಳಿಚಿ ಅಥವಾ ನೀಲಿಯಾಗಿಯೇ ಉಳಿದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಪಟ್ಟಿ ಬಿಗಿಯಾಗಿರಬಹುದು. ಮೀನಖಂಡ ಊದಿ, ಗಟ್ಟಿಯಾಗಿ, ಒತ್ತಿದರೆ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ನೀವಬೇಡಿ, ತಕ್ಷಣ ತೋರಿಸಿ. ಅದರ ಜತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆಮಾಡಿ.

ಹೆಬ್ಬೆರಳಿನ ಒಳಪಕ್ಕದಲ್ಲಿ ಮರಗಟ್ಟಿದಂತೆ, ಆಗಾಗ ಶಾಕ್ ಹೊಡೆದಂತೆ ಆಗುವುದು ಅಲ್ಲಿ ಹಾದುಹೋಗುವ ಸಣ್ಣ ನರದ್ದು. ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಆದರೆ ಹೊದಿಕೆ ತಾಗಿದರೂ ಉರಿಯುವಷ್ಟು ನೋವು, ಪಾದದ ಬಣ್ಣ ಮತ್ತು ಬಿಸಿ ಆಗಾಗ ಬದಲಾಗುವುದು, ವಿಪರೀತ ಬೆವರು ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ. ಇದಕ್ಕೆ ಬೇರೆಯೇ ಚಿಕಿತ್ಸೆ ಇದೆ, ಬೇಗ ಶುರುವಾದಷ್ಟೂ ಒಳ್ಳೆಯದು.

ಹೊಸದುರ್ಗ, ಮೊಳಕಾಲ್ಮೂರು ಕಡೆಯ ಹಳ್ಳಿಗಳಿಂದ ತಪಾಸಣೆಗೆ ಬರುವವರು ಸಾಧ್ಯವಾದರೆ ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಕಾಲು ಚಾಚಿ ಕೂತು ಬನ್ನಿ. ಬಸ್ಸಿನ ಮೊದಲ ಮೆಟ್ಟಿಲು ಮೊದಲ ತಿಂಗಳಿಗೆ ಹೇಳಿಸಿದ್ದಲ್ಲ.

ಬೆರಳಿನ ವ್ಯಾಯಾಮ

ಬೆರಳು ನೇರವಾದರೆ ಸಾಲದು, ಬಾಗಲೂ ಬೇಕು. ಸರ್ಜನ್ ಅನುಮತಿ ಕೊಟ್ಟ ಮೇಲೆ, ಸಾಮಾನ್ಯವಾಗಿ ಎರಡನೇ ವಾರದ ನಂತರ, ಒಂದು ಕೈಯಿಂದ ಪಾದವನ್ನು ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಿಂದ ಹೆಬ್ಬೆರಳನ್ನು ಬುಡದ ಕೀಲಿನ ಹತ್ತಿರವೇ ಹಿಡಿಯಿರಿ. ತುದಿ ಹಿಡಿದು ಎಳೆದರೆ ಕತ್ತರಿಸಿದ ಜಾಗಕ್ಕೆ ಏಟು. ನಿಧಾನವಾಗಿ ಮೇಲಕ್ಕೆ, ಕೆಳಕ್ಕೆ, ಹತ್ತು ಸಲ. ದಿನಕ್ಕೆ ಮೂರು ನಾಲ್ಕು ಬಾರಿ. ಬಿಗಿದಂತಾಗಬೇಕು, ಚುಚ್ಚಬಾರದು. ಇದನ್ನು ಬಿಟ್ಟವರ ಬೆರಳು ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುತ್ತದೆ, ನಡೆಯುವಾಗ ಮಾತ್ರ ಮರದ ತುಂಡು.

ಆರು ವಾರದ ಆಚೆ

ಆರನೇ ವಾರದ ಸುಮಾರಿಗೆ ಎಕ್ಸ್‌ರೇ ತೆಗೆಸಿ, ಸರ್ಜನ್ ಒಪ್ಪಿದರೆ ಗಟ್ಟಿ ಶೂನಿಂದ ಅಗಲ ಮೂತಿಯ, ಲೇಸ್ ಕಟ್ಟುವ ಸ್ಪೋರ್ಟ್ಸ್ ಶೂಗೆ ಬರಬಹುದು. ಶೂ ಕೊಳ್ಳಲು ಸಂಜೆ ಹೋಗಿ, ಊದಿದ ಕಾಲಿಗೆ ಅಳತೆ ನೋಡಿ. ಹವಾಯಿ ಚಪ್ಪಲಿಯನ್ನು ಇನ್ನೂ ದೂರವಿಡಿ: ಜಾರದಂತೆ ಹಿಡಿಯಲು ಬೆರಳುಗಳು ಪ್ರತಿ ಹೆಜ್ಜೆಗೂ ಮುದುಡುತ್ತವೆ, ಉಂಗುಷ್ಠದ ಪಟ್ಟಿ ಗಾಯದ ಜಾಗಕ್ಕೆ ಉಜ್ಜುತ್ತದೆ. ದೇವಸ್ಥಾನದಲ್ಲಿ ಬರಿಗಾಲಿನಲ್ಲಿ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕುವುದಕ್ಕೂ ಮೂರು ತಿಂಗಳು ತಡೆಯಿರಿ.

ಬೈಕಿನ ಗೇರ್ ಎಡಗಾಲಿನದು, ಹಿಂದಿನ ಬ್ರೇಕ್ ಬಲಗಾಲಿನದು. ಯಾವ ಕಾಲಿಗೆ ಆಪರೇಷನ್ ಆದರೂ ಆರರಿಂದ ಎಂಟು ವಾರ ಬೈಕ್ ಇಲ್ಲ. ಸ್ಕೂಟಿಗೆ ಗೇರ್ ಇಲ್ಲ, ಎರಡೂ ಬ್ರೇಕ್ ಕೈಯಲ್ಲೇ ಎಂದು ವಾದಿಸುವವರಿದ್ದಾರೆ. ಅಡ್ಡ ಬಂದ ದನಕ್ಕೆ ಬ್ರೇಕ್ ಹಾಕಿ ಗಾಡಿ ವಾಲಿದಾಗ ಯಾವ ಕಾಲೂರುವಿರಿ ಎಂದು ನಾನು ಕೇಳುತ್ತೇನೆ.

ಮೇಜಿನ ಕೆಲಸದವರು, ಕಾಲೆತ್ತಿ ಕೂರಲು ಅವಕಾಶವಿದ್ದರೆ, ಎರಡರಿಂದ ನಾಲ್ಕು ವಾರದಲ್ಲಿ ಕೆಲಸಕ್ಕೆ ಹೋಗಬಹುದು. ಹೋಟೆಲಿನಲ್ಲಿ ಹಂಚಿನ ಮುಂದೆ ನಿಂತು ಬೆಣ್ಣೆದೋಸೆ ಹಾಕುವವರು, ಮಂಡಕ್ಕಿ ಭಟ್ಟಿಯ ಕೆಲಸದವರು, ಶಾಲೆಯ ಮೇಷ್ಟ್ರು, ಬಟ್ಟೆ ಅಂಗಡಿಯವರು ಎರಡರಿಂದ ಮೂರು ತಿಂಗಳ ಲೆಕ್ಕ ಇಟ್ಟುಕೊಳ್ಳಿ. ಭದ್ರಾ ನಾಲೆಯ ಕೆಳಗೆ ಗದ್ದೆ ಮಾಡುವವರು ಗಾಯ ಪೂರ್ತಿ ಮಾಗಿ ಮೂಳೆ ಕೂಡುವವರೆಗೆ ಕೆಸರಿಗೆ ಇಳಿಯಲೇಬಾರದು. ರಜೆ ಕಡಿಮೆ ಬರೆಸಿಕೊಂಡು ಆಮೇಲೆ ಕುಂಟುವುದಕ್ಕಿಂತ ಮೊದಲೇ ಸರಿಯಾಗಿ ಕೇಳುವುದು ಲೇಸು.

ಸಂಜೆಯ ಊತ ಆರು ತಿಂಗಳು, ಕೆಲವರಿಗೆ ಒಂದು ವರ್ಷದವರೆಗೂ ಬಂದು ಹೋಗುತ್ತಿರುತ್ತದೆ. ಆಪರೇಷನ್ ಕೆಟ್ಟಿತು ಎಂದು ಅದರ ಅರ್ಥವಲ್ಲ. ಮೂರನೇ ತಿಂಗಳಿನಿಂದ ಉದ್ದ ನಡಿಗೆಗೆ ಕುಂದವಾಡ ಕೆರೆಯ ಏರಿ ಒಳ್ಳೆಯ ಜಾಗ. ಮೊದಲು ಹತ್ತು ನಿಮಿಷ ಹೋಗಿ ಹಿಂತಿರುಗಿ; ಮರುದಿನದ ಬೆಳಗು ಒಪ್ಪಿದರೆ ಐದು ನಿಮಿಷ ಸೇರಿಸಿ. ಪೂರ್ತಿ ಸುತ್ತು ಹಾಕುವ ಹಟದಲ್ಲಿ ಹೊರಟರೆ ಅರ್ಧ ದಾರಿಯಲ್ಲಿ ನೋವು ಬಂದಾಗ ಹಿಂದಕ್ಕೂ ಅಷ್ಟೇ ದೂರ ಇರುತ್ತದೆ.

ಚಿತ್ರದುರ್ಗದವರು ಕೇಳುವ ಪ್ರಶ್ನೆ ಒಂದೇ: ಕೋಟೆ ಯಾವಾಗ ಹತ್ತಬಹುದು? ಸರ್ಜನ್ ನಿರ್ಬಂಧವೆಲ್ಲ ತೆಗೆದ ಮೇಲೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಗೋಡೆಗೆ ಬೆರಳು ತಾಗಿಸಿ, ಆಪರೇಷನ್ ಆದ ಒಂದೇ ಕಾಲಿನ ಮೇಲೆ ನಿಂತು ಹಿಮ್ಮಡಿ ಎತ್ತಿ. ಹತ್ತು ಸಲ, ಹೊರ ಅಂಚಿಗೆ ವಾಲದೆ, ನೋವಿಲ್ಲದೆ ಆದರೆ ಏಕನಾಥೇಶ್ವರಿ ಗುಡಿಯವರೆಗೆ ಹೋಗಿಬನ್ನಿ. ಇಳಿಜಾರಿನಲ್ಲಿ ಕೋಲು ಜತೆಗಿರಲಿ. ತುಪ್ಪದ ಕೊಳದ ಕಡೆ ಬಂಡೆಯಲ್ಲಿ ಕಡಿದ ಗುಳಿಗಳಿಗೆ ಬೆರಳು ಸಿಕ್ಕಿಸಿಕೊಂಡು ಹತ್ತಬೇಕು, ಭಾರವೆಲ್ಲ ಮುಂಗಾಲಿನ ಮೇಲೆಯೇ. ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.